ಮೊಟ್ಟೆಬಾಯಿ

ದುರ್ಗಿಗುಡಿಯ ಅಂಗಡಿಯವನು
ಎರಡು ಕೊಕ್ಕೆಸೀಳಿನ ಮ್ಯಾಂಡೊಲಿನ್ ಇಳಿಸಿದ.
"ಈಗ ಓಡೋದು ಇದೇ ಸಾರ್."
ಓಡಲಿ. ನನಗೆ ಬೇಕಾದ್ದು
ಕೋಳಿಮೊಟ್ಟೆಯಂಥ ಒಂದೇ ಬಾಯಿ,
ಯಾರೋ ಕರೆದಾಗ 'ಓ' ಎಂದು
ಮುಚ್ಚುವುದ ಮರೆತ ಹಾಗೆ.

ಭದ್ರಾವತಿಯಲ್ಲಿ ಒಂದಿತ್ತು, ಕತ್ತು ಡೊಂಕು.
ಸಾಗರದಲ್ಲಿ ಬ್ಯಾಂಡ್‌ಸೆಟ್ ಇನಾಸನ ಅಟ್ಟದ ಮೇಲೆ
ಇನ್ನೊಂದು. ಎಂಟರಲ್ಲಿ ಐದೇ ತಂತಿ.
ಎತ್ತಿದರೆ ಒಳಗೇನೋ ಗಲಗಲ.
"ಅಪ್ಪನ ಮೀಟುಬಿಲ್ಲೆ. ಬಿದ್ದು ಇಪ್ಪತ್ತು ವರ್ಷ.
ತೆಗೆದುಕೊಡ್ಲಾ?"

ಬೇಡ ಅಂದೆ.
ಮೂರು ತಂತಿಯ ದುಡ್ಡು ಮುರಿದುಕೊಂಡು
ಉಳಿದದ್ದು ಎಣಿಸಿದೆ.
"ನುಡಿಸೋಕೆ ಬರುತ್ತಾ?" ಕೇಳಿದ, ಎಲ್ಲ ಮುಗಿದ ಮೇಲೆ.

ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೆ.
ಆನಂದಪುರ ದಾಟಿ ಶಿವಮೊಗ್ಗದವರೆಗೂ
ಪ್ರತಿ ತಿರುವಿಗೆ
ಅದೇ ಉತ್ತರ ಹೇಳುತ್ತ ಬಂತು.