ಮೂರನೇ ಕಿವಿ

ಪೆನ್ಷನ್ ಮೊಹಲ್ಲಾದ ಮಹಡಿ ಮೇಲೆ ಒಂದೇ ಕೋಣೆ.
ಕಿಟಕಿಗೆ ಹಾಸಿಗೆ, ಬಾಗಿಲಿಗೆ ಕೌದಿ,
ಉಳಿದ ಗೋಡೆಗೆ ಆಳೆತ್ತರ
ಬಿತ್ತನೆ ಆಲೂಗಡ್ಡೆಯ ಮೂಟೆ.
ಮಂಡಿಯಲ್ಲಿ ತೂಕ ಬರೆಯುವವನಿಗೆ
ಸಾಹುಕಾರರು ಹದಿನೈದು ದಿನಕ್ಕೆ ಕೊಟ್ಟ ಕಡ.
ಮೊಳಕೆ ಒಡೆಯುವುದರೊಳಗೆ
ಮುಗಿಸಬೇಕು ರೆಕಾರ್ಡಿಂಗು.

ನಡುವೆ ಮುಕ್ಕಾಲಿ ಸ್ಟೂಲಿನ ಮೇಲೆ ಸ್ನೇರ್.
ತಿಮ್ಮರಾಯಪ್ಪನ ಬ್ಯಾಂಡ್‌ಸೆಟ್ಟು ಮುಚ್ಚಿದಾಗ
ಗುಜರಿಯ ತಕ್ಕಡಿಯಿಂದ ಇಳಿಸಿಕೊಂಡು ತಂದದ್ದು.
ಹಿತ್ತಾಳೆ ಹೊಟ್ಟೆಯ ಮೇಲೆ ಕೆಂಪಕ್ಷರ ಇನ್ನೂ ಇದೆ:
ಮದುವೆ, ನಾಮಕರಣ, ಶವಯಾತ್ರೆಗೆ ಸಂಪರ್ಕಿಸಿ.
ಐದೇ ಅಂಕಿಯ ಫೋನು.
ಮೇಲೆ ಬಿದ್ದ ಪೆಟ್ಟನ್ನು
ಕೆಳಗಿನ ತಂತಿ ಊರಿಗೆಲ್ಲ ಚಾಡಿ ಹೇಳಬೇಕು.
ತಂತಿ ಸುಮ್ಮನಿದ್ದರೆ ಇದೂ ಒಂದು ಡಬ್ಬ.

ಮೊದಲ ಮೈಕು ಜಬೀವುಲ್ಲಾನ ಸೌಂಡ್ ಸರ್ವೀಸಿನದು.
ಮೂತಿ ಜಜ್ಜಿದೆ. ನಲವತ್ತು ಗಣಪತಿ, ಐದು ಎಲೆಕ್ಷನ್ನು,
ಲೆಕ್ಕವಿಲ್ಲದಷ್ಟು ಹಲೋ ಹಲೋ ನುಂಗಿ ಕೂತಿದೆ.
ಅಂಚಿನಿಂದ ಎರಡು ಬೆರಳು ದೂರ ಇಟ್ಟು ಹೊಡೆದೆ:
ಠಪ್.
ಎದುರು ನಿಂತವರ ಮಾತಷ್ಟೇ ಇದಕ್ಕೆ,
ಬೆನ್ನ ಹಿಂದಿನ ಉಸಾಬರಿ ಬೇಡ.
ಪೆಟ್ಟು ಸಿಕ್ಕಿತು, ತಂತಿ ಸಿಗಲಿಲ್ಲ.
ಕೆಳಗಿಂದ ಹಿಡಿದೆ. ತಂತಿ ಸಿಕ್ಕಿತು,
ಬಾಣಲೆಯಲ್ಲಿ ಕಡಲೆ ಹುರಿದ ಹಾಗೆ.

ಎರಡನೆಯದು ಕಂಡೆನ್ಸರು, ಚರ್ಚಿನ ಗಾಯನ ತಂಡದ್ದು,
ಮಖಮಲ್ ಪೆಟ್ಟಿಗೆಯಲ್ಲಿ ಮಲಗಿಕೊಂಡೇ ಬಂತು.
ಲಾರೆನ್ಸ್ ಮೇಷ್ಟ್ರು ಎರಡೆರಡು ಸಲ ಹೇಳಿದ್ದರು:
ಹತ್ತಿರ ಇಟ್ಟು ಬಡೀಬೇಡ ಮಾರಾಯ, ಸೂಕ್ಷ್ಮ.
ಮೊಳದಷ್ಟು ಮೇಲೆ ತೂಗುಬಿಟ್ಟೆ.
ಅಬ್ಬ, ಇದರ ಕಿವಿಯೇ!
ಕಡ್ಡಿಯ ತುದಿ, ಚರ್ಮದ ಉಸಿರು,
ತಂತಿಯ ಒಂದೊಂದು ಸುರುಳಿ,
ಜೊತೆಗೆ ಪಕ್ಕದ ಮನೆಯ ಕುಕ್ಕರು, ರಿವರ್ಸು ತೆಗೆವ ಲಾರಿ,
ಸಕಲೇಶಪುರದ ಕಡೆ ಹೊರಟ ರೈಲು,
ನನ್ನ ಮೊಣಕಾಲಿನ ಲಟಕ್ಕು,
ಮೂಟೆಯೊಳಗೆ ಒಂದು ಗೆಡ್ಡೆ ಜರುಗಿದ್ದು.

ಮೂರನೆಯದು ಇಯರ್‌ಫೋನಿನ ವೈರಿನಲ್ಲಿ ಕೂತ ಅಕ್ಕಿಕಾಳು.
ಬಸ್‌ಸ್ಟ್ಯಾಂಡಿನಲ್ಲಿ ನೂರೈವತ್ತು.
ಹೊಡೆದಾಗಲೆಲ್ಲ ಹೆದರಿ ಕಣ್ಣು ಮುಚ್ಚುತ್ತದೆ.

ರಾತ್ರಿ ಹನ್ನೊಂದಕ್ಕೆ ತಂಗಿ ತಾರಾಮಣಿ ಬಂದು ಕೂತಳು.
ಕೆಳಗೆ ಅವಳದು ಹೊಲಿಗೆ ಅಂಗಡಿ, ಕೊರಳಲ್ಲಿ ಇನ್ನೂ ಟೇಪು.
ಯಾವುದು ಯಾವ ಮೈಕೆಂದು ಹೇಳದೆ ಕೇಳಿಸಿದೆ.
ಕಣ್ಣು ಮುಚ್ಚಿ, ಹೆಬ್ಬೆರಳಿಗೆ ತೋರುಬೆರಳು ಉಜ್ಜುತ್ತಾ
ಅಂದಳು: ಇದು ಗಂಜಿ ಹಾಕಿದ ಖಾದಿ,
ನಿಲ್ಲುತ್ತೆ, ಕಂಕುಳಲ್ಲಿ ಒತ್ತುತ್ತೆ.
ಇದು ರೇಷ್ಮೆ ಕಣೋ, ಆದರೆ ಒಳಗಿನ ಲಂಗ ಕಾಣ್ತದೆ.
ಇದಾ? ಇದು ಬಟ್ಟೆಯೇ ಅಲ್ಲ. ಕವರ್ರು.

ಎಲ್ಲ ಮುಗಿಯಿತೆಂದುಕೊಂಡೆ.
ನಿಲ್ಲಿಸಲು ಮರೆತಿದ್ದ ಒಂದು ಟೇಕು ತಾನೇ ಓಡತೊಡಗಿತು:
ಕಡ್ಡಿ ಕೆಳಗಿಟ್ಟ ಸದ್ದು. ಏನೂ ಇಲ್ಲ. ಏನೂ ಇಲ್ಲ.
ಮೆಟ್ಟಿಲ ಬುಡದಿಂದ ಅವಳದೇ ದನಿ,
'ಅಣ್ಣಾ, ಮುದ್ದೆ ತಣ್ಣಗಾಯ್ತು.'
ಆ 'ಣ್ಣಾ' ಎಳೆದಷ್ಟು ಹೊತ್ತೂ
ಯಾರೂ ಮುಟ್ಟದ ಸ್ನೇರು
ಹೊಟ್ಟೆಯಡಿಯಿಂದ ಸಣ್ಣಗೆ
ಝೆಂಯ್ ಅಂದಿತ್ತು.

ಯಾರು ಹೊಡೆದದ್ದು?
ನೀನೇ.
ಸುಳ್ಳು. ಇನ್ನೊಂದು ಸಲ ಹಾಕು.

ಏಳು ಸಲ ಹಾಕಿದೆ.
ಆಮೇಲೆ ಅವಳು ಡ್ರಮ್ಮಿನ ಹತ್ತಿರ ಬಗ್ಗಿ
ಅಣ್ಣಾ ಅಂದಳು, ಅಮ್ಮಾ ಅಂದಳು,
ಲೈನಿಂಗು, ಫಾಲ್ಸು, ಶುಕ್ರವಾರ ಬನ್ನಿ ಅಂದಳು.
ಕೆಲವಕ್ಕೆ ಓಗೊಟ್ಟಿತು, ಕೆಲವಕ್ಕೆ ಇಲ್ಲ.

ನಾಳೆ ಹತ್ತರೊಳಗೆ ಮೇಷ್ಟ್ರಿಗೆ ಪೆಟ್ಟಿಗೆ ಒಪ್ಪಿಸಬೇಕು.
ಹಾಡಿಗೆ ಜಬೀವುಲ್ಲಾನದೇ ಸಾಕು,
ಮೂತಿಗೆ ಹಳೇ ಕಾಲುಚೀಲ ತೊಡಿಸಿದರೆ.
ಮಲಗುವ ಮುಂಚೆ ಪಕ್ಕದ ಸನ್ನೆ ಕೆಳಗೆಳೆದು
ತಂತಿ ಸಡಿಲ ಬಿಟ್ಟೆ.
ಇಲ್ಲವಾದರೆ ಇಡೀ ರಾತ್ರಿ
ಒಬ್ಬೊಬ್ಬರ ಗೊರಕೆಗೂ ಹೂಂಗುಡುತ್ತಾ
ಎದ್ದೇ ಇರುತ್ತದೆ.