ಇಪ್ಪತ್ತೆರಡು ಮೀಟರ್

ಮೊದಲು ಅಳೆ, ಆಮೇಲೆ ಅಂಗಡಿ
ಅಂದಳು ತ್ಸಿಯಾಲಾ ಅತ್ತೆ.
ಅವಳದೇ ಹೊಲಿಗೆ ಟೇಪು ಹಿಡಿದು ಅಳೆದೆವು:
ನನ್ನ ಮೇಜಿನಿಂದ ನಡುಮನೆ ದಾಟಿ
ಮರದ ಬಾಲ್ಕನಿಯ ಕೆಳಗೆ, ಬಟ್ಟೆಯ ಹಗ್ಗದ ಪಕ್ಕ,
ಅಂಗಳದಾಚೆ ತಮ್ಮ ವಾಝಾನ ಕೋಣೆಯವರೆಗೆ
ಇಪ್ಪತ್ತೆರಡು ಮೀಟರ್.
ಮೂಲೆಗಳಲ್ಲಿ ಬಾಗುವುದಕ್ಕೆ ಇನ್ನೆರಡು ಇರಲಿ ಅಂದಳು,
ತೋಳಿಗೆ ಬಟ್ಟೆ ಬಿಡುವ ಹಾಗೆ.

ನಾನು ಹಳೆಯ ರೀಲುಗಳ ದನಿ ತೊಳೆಯುವವಳು.
ಮದುವೆಯ ಹಾಡು, ಕಟಾವಿನ ಹಾಡು, ನಡುವೆ ಯಾರದೋ ಕೆಮ್ಮು
ಎಲ್ಲ ಬರುತ್ತವೆ ಡಬ್ಬಿಗಳಲ್ಲಿ, ಬೂಷ್ಟು ಹಿಡಿದು.
ತೊಳೆದದ್ದನ್ನು ವಾಝಾ ಚಿತ್ರಕ್ಕೆ ಹೊಂದಿಸುತ್ತಾನೆ.
ಇದುವರೆಗೆ ನಮ್ಮ ನಡುವೆ ಓಡಾಡಿದ್ದು ವೈಫೈ,
ಎರಡು ಮೊಳದ ಇಟ್ಟಿಗೆ ಗೋಡೆಗೆ ಹಣೆ ಚಚ್ಚಿಕೊಂಡು.
ಒಂದು ಫೈಲು ತಲುಪುವಷ್ಟರಲ್ಲಿ
ಅತ್ತೆಯ ಲೋಬಿಯೊ ಕಾಳು ಬೆಂದು ಆರುತ್ತಿತ್ತು.

ಎಲಿಯಾವಾ ಸಂತೆಯಲ್ಲಿ ನಲ್ಲಿ, ಚಿಲಕ, ಬಿಚ್ಚಿದ ಎಂಜಿನು ದಾಟಿದರೆ
ತಂತಿಯವರ ಸಾಲು.
ಕ್ಯಾಟ್ ಎಂಟು ತಗೊಳ್ಳಿ, ಚಿನ್ನದ ತುದಿ, ಹೆಣೆದ ಹೊದಿಕೆ
ಅಂದ ಮೊದಲಿನವ. ಬೆಲೆ ಕೇಳಿ ಅತ್ತೆ
ನಾವು ಕಳಿಸೋದು ಹಾಡು, ರೈಲಲ್ಲ ಅಂದಳು.
ಎರಡನೆಯವನಲ್ಲಿ ಅರ್ಧ ಬೆಲೆ.
ಮೈಮೇಲೆ ಆರು ಎಂದು ಅಚ್ಚು, ಒಳಗೆ ಕೆಂಪನೆಯ ಎಳೆ.
ಅತ್ತೆ ಚೀಲದಿಂದ ಬದನೆ ಹೆಚ್ಚುವ ಚಾಕು ತೆಗೆದು
ಒಂದೆಳೆಯನ್ನು ಮೆಲ್ಲಗೆ ಕೆರೆದಳು.
ಕೆಂಪು ಹೋಯಿತು. ಒಳಗೆ ಬೆಳ್ಳಗೆ.
ಬೆಳ್ಳಗಿರುವುದೆಲ್ಲ ಹಾಲಲ್ಲ,
ಕೆಂಪಗಿರುವುದೆಲ್ಲ ತಾಮ್ರವೂ ಅಲ್ಲ.
ಅಲ್ಯುಮಿನಿಯಮ್ಮಿಗೆ ಲಿಪ್‌ಸ್ಟಿಕ್ಕು! ಅಂದಳು.
ಎರಡು ಸಲ ಬಗ್ಗಿಸಿದಳು. ಮೂರನೆಯದಕ್ಕೆ ಪಟ್ಟೆಂದಿತು.

ಅವಳಿಗೆ ಗೊತ್ತಿರದೆ ಇನ್ನಾರಿಗೆ.
ತೊಂಬತ್ತಮೂರರ ಚಳಿಯಲ್ಲಿ ತ್ಬಿಲಿಸಿಗೆ ತ್ಬಿಲಿಸಿಯೇ ಕತ್ತಲು,
ಹೆರಿಗೆ ಆಸ್ಪತ್ರೆಯ ಸಾಲಿಗೆ ಮಾತ್ರ ಕರೆಂಟು.
ಆ ಸಾಲು ಹಿಡಿದಿದ್ದ ಝುಝುನಾಳ ಮನೆಯಿಂದ
ಸಿಕ್ಕ ತಂತಿಗೆ ಸಿಕ್ಕ ತಂತಿ ಹೊಸೆದು
ರಾತ್ರೋರಾತ್ರಿ ಅಂಗಳದ ಮೇಲೆ ಎಳೆದಿದ್ದಳು.
ಗೋಡೆಗೆ ತೂತು ಕೊರೆದದ್ದು ಮಾಂಸ ಸುಡುವ ಕಂಬಿಯಿಂದ.
ಒಂದೇ ಬಲ್ಬು. ಅದರ ಕೆಳಗೆ ನಾನು ಮಗ್ಗಿ ಕಲಿತೆ.
ಅಲ್ಯುಮಿನಿಯಂ ಗಂಟು ಕಾದು ಕಾದು
ಒಂದು ರಾತ್ರಿ ಪರದೆಗೆ ಕಿಡಿ ಹತ್ತಿತು.
ಅದನ್ನು ಅವಳು ಹೇಳುವುದಿಲ್ಲ.
ಕೆರೆದು ನೋಡುತ್ತಾಳೆ.

ಕೊನೆಯ ಅಂಗಡಿಯ ಗೋಚಾ ತಾನೇ ಚಾಕು ಮುಂದಿಟ್ಟ.
ಅಪ್ಪಟ ತಾಮ್ರ, ಬಿಸಿಲಿಗೆ ತಡೆಯುವ ಕರಿ ಮೈ,
ಈ ದೂರಕ್ಕೆ ಕ್ಯಾಟ್ ಆರು ಧಾರಾಳ ಅಂದ.
ಜೊತೆಗೆ ಯಾವುದೋ ಬ್ಯಾಂಕು ಕಳಚಿ ಎಸೆದ ಸ್ವಿಚ್ಚು ತೋರಿಸಿದ,
ಹತ್ತು ಗಿಗಾಬಿಟ್ಟಿನ ದೈತ್ಯ, ನಂಬಲಾಗದಷ್ಟು ಅಗ್ಗ.
ಹಚ್ಚಿದ. ಫ್ಯಾನು ರೊಂಯ್ಯೆಂದು ಅಂಗಡಿ ತುಂಬಿತು.
ದಿನವಿಡೀ ರೀಲಿನಿಂದ ಗಾಳಿಯ ಸದ್ದು ಹೆಕ್ಕುವ ನಾನು
ದುಡ್ಡು ಕೊಟ್ಟು ಗಾಳಿಯ ಸದ್ದು ಮನೆಗೆ ತರಲೆ?
ಅಂಗೈಯಗಲದ ಇನ್ನೊಂದಿತ್ತು. ಐದು ಕಿಂಡಿ,
ಎರಡೂವರೆ ಗಿಗಾಬಿಟ್ಟು, ಉಸಿರೂ ಇಲ್ಲ.
ಚೌಕಾಸಿಯಲ್ಲಿ ಇಪ್ಪತ್ತು ಲರಿ ಇಳಿಯಿತು,
ಅತ್ತೆ ಎರಡು ತುದಿಕೊಂಡಿಗಳನ್ನೂ ಪುಕ್ಕಟೆ ಕಿತ್ತುಕೊಂಡಳು.

ತೂತು ಅಲ್ಲೇ ಇತ್ತು, ಮೂರು ಪದರ ಸುಣ್ಣದ ಹಿಂದೆ.
ಅತ್ತೆ ಗೋಡೆ ತಟ್ಟುತ್ತ ಹೋದಳು,
ಟೊಳ್ಳು ಕೇಳಿದಲ್ಲಿ ನಿಂತಳು.
ಕತ್ತರಿಸಿದ ತುದಿಯನ್ನು ತೂರಿಸಿದ ಮೇಲೆ
ಎಂಟೆಳೆಯ ಜಡೆ ಬಿಚ್ಚಿ ಸಿಕ್ಕು ಬಿಡಿಸಿದಳು,
ನಾನು ಬಣ್ಣ ಕೂಗಿದೆ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ...
ಕಚ್ಚಿಸಿದೆ. ಹಸಿರು ದೀಪ ಮಿನುಗಿತು.

ಫೈಲು ಓಡಿತು, ಆದರೆ ಲೆಕ್ಕದಷ್ಟಲ್ಲ.
ವಾಝಾನ ಮುದಿ ಡಿಸ್ಕು ಕಿರುಗುಡುತ್ತಿತ್ತು
ಹೆದ್ದಾರಿಯ ಕೊನೆಗೆ ಕಟ್ಟಿದ ಕತ್ತೆಯಂತೆ.
ಇರಲಿ, ಮುಂದಿನ ತಿಂಗಳು.

ಮಲಗುವ ಮುನ್ನ ಅತ್ತೆ ಬಂದು
ಮಿನುಗುವ ಚುಕ್ಕಿಯನ್ನು ಬಗ್ಗಿ ನೋಡಿದಳು.
ಇದರ ಬೆಳಕಲ್ಲಿ ಓದೋಕಾಗಲ್ಲ ಅಂದಳು.
ತೂತಿನ ಹತ್ತಿರ ಹೋಗಿ, ಮಗುವಿನ ಜ್ವರ ನೋಡುವಂತೆ
ಹಿಂಗೈಯನ್ನು ತಂತಿಗೆ ತಾಗಿಸಿ
ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

ತಣ್ಣಗಿದೆ, ಅಂದಳು.