ಜಿ-ಯಿಂದ ಮುಂದೆ

ನಾನು ಗಮನಿಸುವ ಹೊತ್ತಿಗೆ
ಎ-ಯಿಂದ ಎಫ್‌ವರೆಗೆ ಊರು ತಿಂದು ಮುಗಿಸಿತ್ತು.

ರದ್ದಿಯವನು ಕಿಲೋಗೆ ಹದಿನೆಂಟು ಎಂದು ತೂಗಿಕೊಟ್ಟ ಕಟ್ಟಿನಲ್ಲಿ
ಹಳೆ ಪಂಚಾಂಗ, ವಿಮೆ ಫಾರಂ, ಯಾರದೋ ಎಂಟನೇ ಕ್ಲಾಸಿನ ಭೂಗೋಳ,
ಅದರಡಿ ಈ ದಪ್ಪ ಪುಸ್ತಕ. ರಟ್ಟಿಲ್ಲ, ಬೆನ್ನಿಗೆ ದಾರವಷ್ಟೇ.
ಹಾಳೆ ನುಣುಪು, ಅಳತೆ ಸರಿ, ಒಂದೇ ತಿರುವಿಗೆ ಪೊಟ್ಟಣ.
ಅಬ್ಬಾಗೆ ಖುಷಿಯೋ ಖುಷಿ.

ಅಶೋಕ ಟಾಕೀಸ್ ಬಳಿ ರೈಲ್ವೆ ಗೇಟು ಬಿದ್ದರೆ ನಮ್ಮ ಗಾಡಿಗೆ ಸುಗ್ಗಿ.
ಆಟೋ, ಸ್ಕೂಲ್ ವ್ಯಾನು, ಹಾಲಿನ ಟೆಂಪೋ, ಹೊಗೆ;
ಕಾದವರ ಕೈಗೆಲ್ಲ ಖಾರ ಮಂಡಕ್ಕಿ.
ಒಂದು ಗೂಡ್ಸ್ ರೈಲಿಗೆ ಇಪ್ಪತ್ತು ಹಾಳೆ,
ಅಂದರೆ ಮುನ್ನೂರು ಪದ.

ಒಂದು ಸಂಜೆ ಗೇಟು ಏಳಲೇ ಇಲ್ಲ.
ಡಬ್ಬಿ ಖಾಲಿ, ಕೈ ಖಾಲಿ,
ಸುಮ್ಮನೆ ಮೇಲಿನ ಹಾಳೆ ನೋಡಿದೆ.
ಗ್ಯಾರುಲಸ್, ಅಂತಿತ್ತು.
ಪಕ್ಕದಲ್ಲಿ ಪೆನ್ಸಿಲು, ಇರುವೆ ಸಾಲಿನಂಥ ಕನ್ನಡ:
'ಬಾಯಿಬಡುಕ. ನಮ್ಮ ಸರೋಜತ್ತೆ.'

ನಕ್ಕೆ. ಆ ಹಾಳೆ ಹರಿಯಲಿಲ್ಲ.

ಕೊನೆಯ ಪುಟದಲ್ಲಿ ಹೆಸರು ಸಿಕ್ಕಿತು: ಕೆ. ಎಂ. ಶಿವಗಂಗಾ.
ಕೆಳಗೆ ಯಾವುದೋ ಪರೀಕ್ಷೆಯ ತಾರೀಕು, ಅದರ ಮೇಲೆ ಕಾಟು.
ಮನೆಯಲ್ಲಿ ಉರ್ದು, ಗಾಡಿಯ ಮುಂದೆ ಕನ್ನಡ ಆಡುವ ನನಗೆ
ಇಂಗ್ಲಿಷು ಬಂದದ್ದು ಇವಳ ಮನೆಯ ಹಿತ್ತಿಲ ಬಾಗಿಲಿಂದ.
ಅವಳ ಅಣ್ಣ ಲ್ಯಾಕೋನಿಕ್. ಕೇಳಿದ್ದಕ್ಕೆಲ್ಲ 'ಹ್ಞೂಂ'.
ಅವಳ ಅಪ್ಪ ಪಾರ್ಸಿಮೋನಿಯಸ್,
ದೋಸೆಯ ಮೇಲಿನ ಬೆಣ್ಣೆಗೂ ಲೆಕ್ಕ ಇಡುವಷ್ಟು.
'ಅದೂ ದಾವಣಗೆರೆಯಲ್ಲಿ!' ಎಂದು ಅವಳೇ ಬರೆದಿದ್ದಾಳೆ.
ಪಂಜೆಂಟ್ ಪಕ್ಕ ಏನೂ ಬರೆದಿಲ್ಲ, ನನಗೂ ಬೇಕಾಗಲಿಲ್ಲ;
ಮೆಣಸಿನಕಾಯಿ ಬಾಣಲೆಯ ಮುಂದೆ ಬೆಳೆದ ಮೂಗು ನನ್ನದು.

ಹಯೇಟಸ್ ಪಕ್ಕ ಜಾಗವಿತ್ತು.
ಎರಡು ದಿನ ಅನುಮಾನಿಸಿ, ಅಣ್ಣನ ಲೆಕ್ಕದ ಪೆನ್ನಿನಲ್ಲಿ
ಮೊದಲ ಸಲ ನಾನು ಬರೆದೆ:
'ಅಶೋಕ ಟಾಕೀಸ್ ಗೇಟು.'

ವೈಕೇರಿಯಸ್ ಎದುರು ಬರೀ ಪ್ರಶ್ನೆಯ ಗುರುತು,
ಹಾಳೆ ತೂತಾಗುವಷ್ಟು ಒತ್ತಿ ಬರೆದದ್ದು.
ಅಚ್ಚಾದ ಅರ್ಥವನ್ನು ಮೂರು ದಿನ ಅಗಿದೆ.
ಇನ್ನೊಬ್ಬರ ಬದುಕನ್ನು ಆಚೆ ನಿಂತು ಉಣ್ಣುವುದು, ಹಾಗೇನೋ.
ನಿನಗೆ ತಿಳಿಯದ್ದು ನನಗೆ ತಿಳಿಯಿತಲ್ಲೇ, ಶಿವಗಂಗಾ.

ಆದರೆ ಎ-ಯಿಂದ ಎಫ್‌ವರೆಗೆ?
ನನ್ನ ಇಂಗ್ಲಿಷಿನಲ್ಲಿ ಧೈರ್ಯವಿಲ್ಲವೇನೋ, ಸಿಟ್ಟಿಲ್ಲವೇನೋ,
ಏನಿಲ್ಲ ಎಂದು ತಿಳಿಯಲೂ ಆ ಪದಗಳೇ ಬೇಕು.
ಗೇಟಿನ ಹಳಿಗುಂಟ, ಚರಂಡಿಯ ಬಾಯಲ್ಲಿ ಹುಡುಕಿದೆ.
ಅವಳ ಅಮ್ಮ ಹೇಗಿದ್ದಳೋ,
ಜಿ-ಯಿಂದ ಮುಂದೆ ಆಕೆ ಎಲ್ಲೂ ಬರುವುದಿಲ್ಲ.

ಮಿಲ್ಲಿನ ಗುಡ್ಡಪ್ಪಜ್ಜ ಪೊಟ್ಟಣ ಓದದೆ ಎಸೆಯುವವನಲ್ಲ.
ಕಾರ್ಡಿಂಗ್ ಖಾತೆಯಲ್ಲಿ ಮೂವತ್ತು ವರ್ಷ,
ಅವನಿಗೆ ಗೊತ್ತಿರುವ ದೊಡ್ಡ ಇಂಗ್ಲಿಷ್ ಪದ ಲಾಕೌಟು.
ಅದರ ಅರ್ಥ ಯಾರೂ ಹೇಳಿಕೊಟ್ಟಿರಲಿಲ್ಲ.
ನಿನ್ನೆ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ.
'ಹೋದ ತಿಂಗಳದ್ದು ನೋಡವ್ವಾ,
ಪೆನ್ಸಿಲ್ ಅಕ್ಷರ ಚಂದ ಅದಾವು ಅಂತ ಇಟ್ಕಂಡಿದ್ದೆ.'

ಎಣ್ಣೆ ಕುಡಿದ ಹಾಳೆ ಗಾಜಾಗಿತ್ತು.
ಬಲ್ಬಿಗೆ ಹಿಡಿದೆ.
ಈ ಬದಿಯ ಡಿ, ಆ ಬದಿಯ ಡಿ ಒಂದರ ಮೇಲೊಂದು,
ಸೀದಾ ಉಲ್ಟಾ ಬೆರೆತು ಯಾವ ಪದಕ್ಕೆ ಯಾವ ಅರ್ಥವೋ.
ಅಂಚಿನಲ್ಲಿ, ಖಾರದ ಕಲೆಯ ಕೆಳಗೆ, ಇರುವೆ ಸಾಲು:
'ಅಮ್ಮ. ಆದರೆ ಅಷ್ಟೇ ಅಲ್ಲ.'

ಗೇಟು ಎದ್ದಿತು. ಹಾರ್ನೆಲ್ಲ ಒಟ್ಟಿಗೆ.
ಒಬ್ಬ ಗಿರಾಕಿ ಇನ್ನೂ ನಿಂತಿದ್ದ, ಅಬ್ಬಾ ಕೈ ಚಾಚಿದರು.
ಭೂಗೋಳದಿಂದ ಒಂದು ಖಂಡ ಹರಿದುಕೊಟ್ಟೆ.